ಕರಜಗಿಯ ವಿಳಾಸಕ್ಕೆ ಹೋದ ಕೀರ್ತಿ

ಸೋಲಾಪುರದ ಚಾಟಿ ಗಲ್ಲಿಯಲ್ಲಿ ಚಾದರದ ಅಂಗಡಿ ಇಟ್ಟುಕೊಂಡಿರುವ ಗುರುಸಿದ್ಧನಿಗೆ ಈಗ ನಲವತ್ತಾರು ವರ್ಷ. ಗಾದಿಯ ಮೇಲೆ ಲೋಡಿಗೆ ಒರಗಿ ಕೂತ ಅವನನ್ನು ನೋಡಿದವರು, ಈ ಮನುಷ್ಯನ ತಲೆಯಲ್ಲಿ ನೂಲಿನ ದರ, ಮಗಳ ಹತ್ತನೆಯ ಇಯತ್ತೆಯ ಪರೀಕ್ಷೆ, ಎಡ ಮೊಣಕಾಲಿನ ನೋವು ಬಿಟ್ಟು ಬೇರೇನೂ ಇರಲಾರದು ಎಂದುಕೊಳ್ಳುತ್ತಾರೆ. ಅವು ಇವೆ, ಇಲ್ಲವೆಂದಲ್ಲ. ಆದರೆ ಅವೆಲ್ಲಕ್ಕಿಂತ ಹೆಚ್ಚು ಜಾಗ ಹಿಡಿದು ಕೂತಿರುವುದು ಒಂದು ವಿಡಿಯೋ ಗೇಮ್ ಕಂಪನಿ. ಅದರ ಮೇಲೆ ಅವನಿಗೆ ಹದಿನೈದು ವರ್ಷಗಳಿಂದ ಸಿಟ್ಟು. ಇಷ್ಟು ಕಾಲ ಬಾಳುವ ಸಿಟ್ಟು ಅಣ್ಣತಮ್ಮಂದಿರ ನಡುವೆ ಕೂಡ ಹೊಲದ ಬದು ಇದ್ದರೆ ಮಾತ್ರ ಉಳಿಯುತ್ತದೆ.

ಓಲ್ಡ್‌ಫೆರಿ ಎಂಬ ಆ ಕಂಪನಿ ಯಾವುದೋ ಚಳಿ ದೇಶದ್ದು. ಗುಂಡು ಹಾರಿಸುವ, ಕಾರು ಓಡಿಸುವ ಆಟ ಅವರದಲ್ಲ. ಅವರ ಆಟದಲ್ಲಿ ನೀವೇ ಒಂದು ಪಾತ್ರವಾಗಬೇಕು. ‘ಸಾಲ್ಟ್‌ರೋಡ್’ ಎಂಬ ಮೊದಲ ಆಟದಲ್ಲಿ ನೀವೊಬ್ಬ ಉಪ್ಪಿನ ವ್ಯಾಪಾರಿ. ಕತ್ತೆಯ ಮೇಲೆ ಉಪ್ಪು ಹೇರಿಕೊಂಡು ಊರೂರು ಅಲೆಯಬೇಕು, ಸಿಕ್ಕವರ ಜೊತೆ ಮಾತಾಡಬೇಕು, ಸುಳ್ಳು ಹೇಳಬೇಕೋ ನಿಜ ಹೇಳಬೇಕೋ ನೀವೇ ತೀರ್ಮಾನಿಸಬೇಕು, ಅದರ ಫಲವನ್ನು ಎಂಬತ್ತು ಗಂಟೆ ಆಡಿದ ಮೇಲೆ ಉಣ್ಣಬೇಕು. ವ್ಯಾಪಾರಿ ಮನೆತನದ ಹುಡುಗನೊಬ್ಬ ಸ್ವಂತ ಅಂಗಡಿ ತಪ್ಪಿಸಿ, ಸಾತ್ ರಸ್ತಾದ ಸೈಬರ್ ಕೆಫೆಯಲ್ಲಿ ಕೂತು, ಕಂಪ್ಯೂಟರಿನೊಳಗೆ ಉಪ್ಪು ಮಾರುವುದರಲ್ಲಿ ಏನು ಸುಖ ಕಂಡನೋ ಅವನಪ್ಪನಿಗೆ ಕೊನೆಯವರೆಗೂ ತಿಳಿಯಲಿಲ್ಲ.

ಆ ಕೆಫೆಯಲ್ಲಿ ಪಕ್ಕದ ಕುರ್ಚಿಯಲ್ಲಿ ಕೂರುತ್ತಿದ್ದವನು ಬಸಣ್ಣ. ಅಕ್ಕಲಕೋಟ ತಾಲೂಕಿನ ಕರಜಗಿಯವನು, ತೊಗರಿ, ಕಬ್ಬು ಬೆಳೆಯುವ ಮನೆಯವನು, ಕಾಲೇಜಿಗೆಂದು ಸೋಲಾಪುರದ ಬೋರ್ಡಿಂಗಿನಲ್ಲಿದ್ದ. ಅವನಿಗೆ ಮೌಸ್ ಹಿಡಿಯಲು ಕಲಿಸಿದವನು ಗುರುಸಿದ್ಧ. ಈ ಮಾತನ್ನು ಗುರುಸಿದ್ಧ ಇವತ್ತಿಗೂ ವಾರಕ್ಕೊಮ್ಮೆಯಾದರೂ ಯಾರಿಗಾದರೂ ಹೇಳುತ್ತಾನೆ.

ಓಲ್ಡ್‌ಫೆರಿಯ ಬಗ್ಗೆ ಗುರುಸಿದ್ಧನ ಅಭಿಪ್ರಾಯ ಕಾಲಕಾಲಕ್ಕೆ ಬದಲಾಗುತ್ತ ಬಂದಿದೆ. ಮೊದಲ ಆಟ ಬಂದಾಗ, ಇಂಥದ್ದು ಹಿಂದೆ ಬಂದಿಲ್ಲ ಎಂದ. ಎರಡನೆಯದು ಬಂದಾಗ, ಇಂಥದ್ದು ಮುಂದೆ ಬರುವುದಿಲ್ಲ ಎಂದ. ಮೂರನೆಯದು ಬಂದಾಗ, ನಾನು ಹೇಳಿರಲಿಲ್ಲವೇ ಎಂದ. ಆಮೇಲೆ ಒಂದು ದೊಡ್ಡ ಕಂಪನಿ ಓಲ್ಡ್‌ಫೆರಿಯನ್ನು ಕೊಂಡುಕೊಂಡಿತು. ನಾಲ್ಕನೆಯ ಆಟದಲ್ಲಿ ಕತ್ತೆಯನ್ನು ತೆಗೆದು ರೆಕ್ಕೆಯ ಕುದುರೆ ಕೊಟ್ಟರು. ಆಗ ಗುರುಸಿದ್ಧನಿಗೆ ಮೂರನೆಯ ಆಟ ಬಹಳ ಒಳ್ಳೆಯದಾಗಿ ಕಾಣತೊಡಗಿತು. ಕಿರಿ ಸೊಸೆ ಬಂದ ಮೇಲೆ ಹಿರಿ ಸೊಸೆ ಬಂಗಾರವಾಗುವ ಹಾಗೆ. ಐದನೆಯದಂತೂ ಅರ್ಧ ಬೆಂದ ಬೇಳೆ. ಕಂಪನಿಯವರೇ ಕ್ಷಮೆ ಕೇಳಿದರು. ಅದನ್ನು ಬೈದು ಗುರುಸಿದ್ಧ ಇಂಗ್ಲಿಷಿನಲ್ಲಿ, ಮರಾಠಿಯಲ್ಲಿ, ಅವೆರಡೂ ಸಾಲದಾದಾಗ ಕನ್ನಡದಲ್ಲಿ ಬರೆದ. ನಾಲ್ಕು ಮತ್ತು ಐದನ್ನು ಅವನು ಆಡಿಯೇ ಇರಲಿಲ್ಲ ಎಂಬುದು ಬೇರೆ ಮಾತು. ನಮ್ಮಲ್ಲಿ ಓದದೆ ವಿಮರ್ಶೆ ಬರೆದವರು ಎಷ್ಟಿಲ್ಲ, ಬರೆಯುತ್ತಿರುವ ಕೈಗೂ ಅದು ಹೊಸತಲ್ಲ.

ಬಸಣ್ಣ ಮಾತ್ರ ಐದನ್ನೂ ಆಡಿದ. ಪಂಪಿಗೆ ಕರೆಂಟು ಇಲ್ಲದ ಹೊತ್ತಿನಲ್ಲಿ ಹೊಲದ ಮನೆಯಲ್ಲಿ ಲ್ಯಾಪ್‌ಟಾಪ್ ಹಚ್ಚಿ ಆಡುತ್ತಿದ್ದ. ಹೇಗಿದೆ ಎಂದು ಕೇಳಿದರೆ ಪ್ರತಿಸಲವೂ ಒಂದೇ ಉತ್ತರ: “ಛಲೋ ಐತಿ.”

“ರೆಕ್ಕೀ ಕುದುರೀನೂ ಛಲೋ ಐತೇನಲೇ?” ಎಂದು ಗುರುಸಿದ್ಧ ಫೋನಿನಲ್ಲೇ ಹಲ್ಲು ಕಡಿದಿದ್ದ.

“ಕತ್ತೆ ಛಲೋ ಇತ್ತು. ಕುದುರೀನೂ ಛಲೋ ಐತಿ. ಲಗೂ ಹೋಗ್ತದಲ್ಲ ದೋಸ್ತ.”

ಇಂಥ ಮನುಷ್ಯನ ಜೊತೆ ಜಗಳ ಮಾಡುವುದಾದರೂ ಹೇಗೆ?

ಸೋಲಾಪುರದಲ್ಲಿ ಓಲ್ಡ್‌ಫೆರಿಯ ಅಭಿಮಾನಿಗಳದೊಂದು ಮಂಡಳಿ ಇದೆ. ಹನ್ನೊಂದು ಜನ. ತಿಂಗಳಿಗೊಂದು ಭಾನುವಾರ ಬೆಳಿಗ್ಗೆ ಗುರುಸಿದ್ಧನ ಗಾದಿಯ ಮೇಲೆ ಸೇರಿ ಚಹಾ ಕುಡಿದು ಕಂಪನಿಯನ್ನು ಬೈಯುತ್ತಾರೆ. ಎಲ್ಲರಿಗಿಂತ ಹಳಬ, ಎಲ್ಲರಿಗಿಂತ ಚೆನ್ನಾಗಿ ಬೈಯಬಲ್ಲವನು ಗುರುಸಿದ್ಧ. ಹುಡುಗರು ಅವನನ್ನು ‘ಗುರುಕಾಕಾ’ ಎಂದು ಕರೆದು, ಮೊದಲ ಆಟದ ಕಾಲದ ಕತೆ ಕೇಳುತ್ತಾರೆ. ಈ ಊರಿನಲ್ಲಿ ಸಾಲ್ಟ್‌ರೋಡ್ ತುಳಿದ ಮೊದಲ ಮನುಷ್ಯ ತಾನು ಎಂಬುದೊಂದೇ ಗುರುಸಿದ್ಧನ ಕೈಯಲ್ಲಿದ್ದ ಆಸ್ತಿ. ಅಂಗಡಿ ಅಪ್ಪನದು, ಮನೆ ಹೆಂಡತಿಯದು, ಇದು ಮಾತ್ರ ತನ್ನದು.

ಮೊನ್ನೆ ಮಾಘದ ಒಂದು ಭಾನುವಾರ ಮಂಡಳಿಯಲ್ಲಿ ಎಲ್ಲರಿಗಿಂತ ಚಿಕ್ಕವಳಾದ ಸ್ನೇಹಲ, ದಂತವೈದ್ಯಕೀಯ ಓದುವ ಹುಡುಗಿ, ಮೊಬೈಲ್ ಎತ್ತಿಕೊಂಡು ಓಡುತ್ತ ಬಂದಳು. ಕಂಪನಿಗೆ ಇಪ್ಪತ್ತೈದು ವರ್ಷ ತುಂಬಿದೆ, ಹಳೆಯ ಮಾಲೀಕರೇ ಅದನ್ನು ಮರಳಿ ಕೊಂಡಿದ್ದಾರೆ, ಹೊಸ ಆಟ ಬಂದಿದೆ, ಲೋಕವೆಲ್ಲ ಹೊಗಳುತ್ತಿದೆ, ಅವರೊಂದು ವಿಡಿಯೋ ಹಾಕಿದ್ದಾರೆ ಎಂದಳು.

“ಹಾಕ್ತಾರ, ಹಾಕ್ತಾರ. ಮಾಲು ಖರ್ಚಾಗಬೇಕಲ್ಲ,” ಎಂದ ಗುರುಸಿದ್ಧ.

“ಕಾಕಾ, ಉಗಾಚ್ ಸುಮ್ಮಸುಮ್ಮನ ಬೈಬ್ಯಾಡ್ರಿ. ಮೊದಲ ನೋಡ್ರಿ.”

ವಿಡಿಯೋದಲ್ಲಿ ನರೆತ ಗಡ್ಡದ ಕತೆಗಾರನೊಬ್ಬ ಕೂತಿದ್ದ. ಅವನ ಹಿಂದೆ ಗೋಡೆಯ ಮೇಲೆ ಒಂದು ಚಾದರ. ಕೆಂಪು ಅಂಚು, ನೀಲಿ ಮೈ. ನಡುವೆ ಸಾಲ್ಟ್‌ರೋಡಿನ ನಕಾಶೆ, ನಾಲ್ಕು ಮೂಲೆಗೆ ನಾಲ್ಕು ಕತ್ತೆ. ಗುರುಸಿದ್ಧ ಚಹಾ ಕೆಳಗಿಟ್ಟು ಮೊಬೈಲಿಗೆ ಬಗ್ಗಿದ. ಆ ಚಾದರ ಅವನದು.

ಎರಡನೆಯ ಆಟದ ಹೊತ್ತಿಗೆ ಕಂಪನಿ ಮುಚ್ಚುವ ಸ್ಥಿತಿಗೆ ಬಂದಿದೆ ಎಂದು ಇಂಟರ್ನೆಟ್ಟಿನಲ್ಲಿ ಓದಿ, ಇಪ್ಪತ್ತೈದರ ಗುರುಸಿದ್ಧ ಕಂಗಾಲಾಗಿದ್ದ. ನೆರವಾಗಲು ಅವನ ಬಳಿ ಇದ್ದದ್ದು ಒಂದೇ, ಚಾದರ. ಪರದೇಶದ ಆರ್ಡರಿನ ನಮೂನೆ ಎಂದು ಸುಳ್ಳು ಹೇಳಿ, ಮಗ್ಗದ ಮಾಸ್ತರನಿಂದ ಆ ನಕಾಶೆಗೆ ರಟ್ಟಿನ ಪಟ್ಟಿಗಳನ್ನು ಕೊರೆಸಿದ. ಸಾವಿರಾರು ತೂತು, ಯಾವ ತೂತಿನಲ್ಲಿ ಯಾವ ನೂಲು ಏಳಬೇಕೆಂಬ ಲೆಕ್ಕ. ಒಂದು ವಿನ್ಯಾಸಕ್ಕೆ ಪಟ್ಟಿ ಕೊರೆದರೆ ಐನೂರು ಚಾದರವಾದರೂ ನೇಯುವುದು ಈ ಊರಿನ ರೀತಿ. ಇವನು ನೇಯಿಸಿದ್ದು ಒಂದೇ ಒಂದು. ಅಪ್ಪನಿಗೆ ಗೊತ್ತಾದರೆ ಆ ಪಟ್ಟಿಯಿಂದಲೇ ಬೆನ್ನಿಗೆ ವಿನ್ಯಾಸ ಬೀಳುತ್ತಿತ್ತು. ಅದಕ್ಕಾಗಿ ಸೋಲಾಪುರದ ಅಂಚೆ ಕಚೇರಿಯನ್ನೇ ತಪ್ಪಿಸಿ, ಗುರುವಾರ ಸ್ವಾಮಿ ಸಮರ್ಥರ ದರ್ಶನದ ನೆಪ ಮಾಡಿ ಅಕ್ಕಲಕೋಟಕ್ಕೆ ಹೋಗಿ ಅಲ್ಲಿಂದ ಪಾರ್ಸೆಲ್ ಮಾಡಿದ. ಮರಳಿ ಬಂದರೆ ಅಂಗಡಿಗೆ ಬರಬಾರದಲ್ಲ, ಕಳಿಸಿದವರ ಜಾಗದಲ್ಲಿ ಬಸಣ್ಣನ ಹೆಸರು, ಕರಜಗಿಯ ವಿಳಾಸ ಬರೆದ. ಒಳಗೊಂದು ಹೆಸರು, ಹೊರಗೊಂದು ಹೆಸರು ಇದ್ದರೆ ಕಸ್ಟಮ್ಸಿನವರು ಹಿಡಿಯುತ್ತಾರೆ ಎಂದು ಯಾರೋ ಹೆದರಿಸಿದ್ದರಿಂದ, ಒಳಗಿನ ಪತ್ರಕ್ಕೂ ಬಸಣ್ಣ ಎಂದೇ ಸಹಿ ಹಾಕಿದ. ಬಸಣ್ಣ ಪಕ್ಕದಲ್ಲಿ ನಿಂತು ಪಾರ್ಸೆಲ್ಲಿನ ದಾರ ಹಿಡಿದುಕೊಂಡಿದ್ದ, ಆಮೇಲೆ ಅನ್ನಛತ್ರದಲ್ಲಿ ಎರಡು ಸಲ ಬಡಿಸಿಕೊಂಡಿದ್ದ. ಈ ಕೆಲಸದಲ್ಲಿ ಅವನ ಪಾಲು ಅಷ್ಟೇ. ಉತ್ತರ ಬರಲಿಲ್ಲ. ಗುರುಸಿದ್ಧನ ಸಿಟ್ಟಿನ ಬುಡದಲ್ಲಿ, ಕತ್ತೆ ಕುದುರೆಗಳ ಕೆಳಗೆ, ಇದೂ ಇತ್ತು.

ಈಗ ಗಡ್ಡದವನು ಹೇಳುತ್ತಿದ್ದ: ಆ ಚಳಿಗಾಲ ಕಚೇರಿಗೆ ಹೀಟರ್ ಹಾಕಲೂ ನಮ್ಮಲ್ಲಿ ದುಡ್ಡಿರಲಿಲ್ಲ. ಸರದಿಯ ಮೇಲೆ ಇದನ್ನೇ ಹೊದ್ದು ಕೆಲಸ ಮಾಡಿದೆವು. ಕಳಿಸಿದವರು ಇಂಡಿಯಾದ ಕರಜಗಿಯ ಬಸಣ್ಣ. ಅವರಿಗೆ ಉತ್ತರ ಬರೆಯದೆ ಹೋದ ನಾಚಿಕೆ ಇಂದಿಗೂ ಇದೆ. ಅದಕ್ಕೆ ಹೊಸ ಆಟದಲ್ಲಿ, ನಡುಗುತ್ತ ಬರುವ ನಿಮಗೆ ಎರಡನೆಯ ಊರಿನಲ್ಲಿ ಕಂಬಳಿ ಕೊಡುವ ವ್ಯಾಪಾರಿಗೆ ಬಸಣ್ಣ ಎಂದು ಹೆಸರಿಟ್ಟಿದ್ದೇವೆ.

ಮಂಡಳಿ ಹೋ ಎಂದು ಕೂಗಿತು. ಗುರುಸಿದ್ಧ ಬಾಯಿ ತೆರೆದ. “ಅದು ನಂ…” ಎನ್ನುವಷ್ಟರಲ್ಲಿ ಗಡ್ಡದವನು ಕನ್ನಡಕ ಹಾಕಿಕೊಂಡು ಚಾದರದ ಜೊತೆ ಬಂದ ಇಂಗ್ಲಿಷ್ ಪತ್ರ ಓದತೊಡಗಿದ.

‘ಮಾನ್ಯ ಮಹನೀಯರೇ, ನೀವು ಮನುಷ್ಯರೋ ದೇವರೋ ನನಗೆ ತಿಳಿಯದು. ನಿಮ್ಮ ಕಚೇರಿ ಮುಚ್ಚುತ್ತದೆಂದು ಓದಿ ಎರಡು ದಿನ ಊಟ ಸೇರಲಿಲ್ಲ. ನಿಮ್ಮಲ್ಲಿ ಚಳಿ ಬಹಳವಂತೆ, ಇದನ್ನು ಹೊದ್ದುಕೊಳ್ಳಿರಿ. ಮುಂದೆ ನೀವು ಏನೇ ಮಾಡಿದರೂ ನನಗೆ ಇಷ್ಟ. ನಿಮ್ಮ ಬಗ್ಗೆ ಕೆಟ್ಟ ಮಾತಾಡಿದವನು ನನ್ನ ವೈರಿ. ನಿಮ್ಮ ವಿಧೇಯ, ಬಸಣ್ಣ.’

ಗುರುಸಿದ್ಧ ತೆರೆದ ಬಾಯಿಯನ್ನು ಹಾಗೇ ಮುಚ್ಚಿದ. ಹದಿನೈದು ವರ್ಷ ಗಾದಿಯ ಮೇಲೆ ಕೂತು ಕಂಪನಿಯ ಏಳು ತಲೆಮಾರು ಜಾಲಾಡಿಸಿದವನು ಈಗ, ಆ ಪತ್ರ ಬರೆದವನು ನಾನೇ ಎನ್ನುವುದು ಹೇಗೆ?

“ಬಸಣ್ಣಕಾಕಾ ಖರೇ ಭಕ್ತ ನೋಡ್ರಿ,” ಎಂದಳು ಸ್ನೇಹಲ, ಕಣ್ಣೊರೆಸಿಕೊಂಡು. “ಗುರುಕಾಕಾ, ನಿಮ್ಮ ದೋಸ್ತ ಇಷ್ಟು ದೊಡ್ಡ ಮನಸ್ಯಾ ಅಂತ ನೀವು ಒಂದ ದಿನಾ ಹೇಳಲಿಲ್ಲ ನೋಡ್ರಿ.”

“ಪುಕ್ಕಟೆ ಕಂಬಳಿ ಕೊಡೋ ವ್ಯಾಪಾರಿ ಎಲ್ಲ್ಯಾರ ಇರ್ತಾನೇನು?” ಎಂದಷ್ಟೇ ಗುರುಸಿದ್ಧನಿಗೆ ಹೊಳೆಯಿತು.

ಮಧ್ಯಾಹ್ನ ಅವನಿಗೆ ಶೇಂಗಾ ಚಟ್ನಿ ಖಾರವೆನಿಸಿತು, ರೊಟ್ಟಿ ಬಿರುಸೆನಿಸಿತು. ಹೆಂಡತಿ ಶುಭಾಂಗಿ ವಿಷಯ ಕೇಳಿಕೊಂಡು, “ಚಾದರ ನಂದು ಅಂತ ಹೇಳ್ರಿ, ಮುಗೀತು,” ಎಂದಳು.

“ಪತ್ರ ಐತಲ್ಲ.”

“ಏನು ಬರದೀರಿ ಅಂಥಾದ್ದು?”

ಗುರುಸಿದ್ಧ ವಿಡಿಯೋ ಹಚ್ಚಿ, ಅರ್ಥ ಬಿಡಿಸಿ ಹೇಳಿದ. ಶುಭಾಂಗಿ ಪೂರ್ತಿ ಕೇಳಿದಳು. ಆಮೇಲೆ ಹಿಟ್ಟಿನ ಕೈ ತೊಳೆದುಕೊಂಡು ಬಂದು ಎದುರು ಕೂತಳು.

“ಮುಂದ ನೀ ಏನ ಮಾಡಿದರೂ ನನಗ ಇಷ್ಟ, ಅಂತ ಬರದೀರಿ?”

“ಹೂಂ.”

“ಅದಾಗಿ ನಾಕು ವರ್ಷಕ್ಕ ನಮ್ಮ ಲಗ್ನ ಆತು. ನನಗ ಇಂಥಾದ್ದೊಂದು ಚೀಟಿ ಬರೀಲಿಲ್ಲ ನೀವು. ನಾ ಮಾಡಿದ ಸಾರಿಗೆ ಉಪ್ಪು ಕಮ್ಮಿ ಅಂತ ಮೊದಲನೇ ದಿನಾನ ಹೇಳಿದ್ರಿ.”

ಮನೆಯಲ್ಲಿ ಹೊಟ್ಟೆಕಿಚ್ಚು ಪಟ್ಟವರು ಹೀಗೆ ಇಬ್ಬರಾದರು.

ಮರುದಿನ ಅವನು ಎಸ್‌ಟಿ ಬಸ್ಸು ಹಿಡಿದು, ಅಕ್ಕಲಕೋಟದಲ್ಲಿ ಬದಲಿಸಿ, ಕರಜಗಿಗೆ ಹೋದ. ಬಸಣ್ಣನ ಅಂಗಳದಲ್ಲಿ ಆಗಲೇ ಐದಾರು ಜನ ಕೂತಿದ್ದರು. ಬಸಣ್ಣನ ತಾಯಿ ಗುರುಲಿಂಗಮ್ಮ ಬಂದವರಿಗೆಲ್ಲ ಮೊಬೈಲಿನಲ್ಲಿ ಕಂಬಳಿ ಕೊಡುವ ಬೊಂಬೆಯನ್ನು ತೋರಿಸುತ್ತಿದ್ದಳು.

“ಬಾರೋ ಗುರುಸಿದ್ಧ. ನೋಡಿಲ್ಲಿ, ನನ್ನ ಮಗಗ ಟಿವ್ಯಾಗ ಹಾಕ್ಯಾರ. ಮೀಸಿ ಮಾತ್ರ ಇಂವಂದಲ್ಲ.”

“ಛಲೋ ಆತು ಯವ್ವಾ,” ಎಂದು ಗುರುಸಿದ್ಧ ಹಲ್ಲು ಬಿಟ್ಟ. ನಗುವಾಗ ಕೆನ್ನೆ ಇಷ್ಟು ನೋಯುತ್ತದೆಂದು ಅವನಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಬಸಣ್ಣ ಅವನನ್ನು ಹೊಲದ ಕಡೆ ಕರೆದುಕೊಂಡು ಹೋದ. ಬದುವಿನ ಮೇಲೆ ಕೂತ ಕೂಡಲೇ ತಾನೇ ಮಾತು ತೆಗೆದ. “ದೋಸ್ತ, ಆ ಚಾದರ ನಿಂದು. ನಾ ಎಲ್ಲಾರಿಗೂ ಹೇಳ್ತೀನಿ. ನಿನ್ನೆಯಿಂದ ಫೋನ್ ಹಚ್ಚಾಕತ್ತೀನಿ, ನೀ ಎತ್ತವಲ್ಲಿ.”

ಬೈಯಲೆಂದು ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ ಮಾತೆಲ್ಲ ಗುರುಸಿದ್ಧನ ಕೈಯಲ್ಲೇ ಉಳಿಯಿತು.

“ಚಾದರ ಗುರುಸಿದ್ಧಂದು ಅಂತ ಹೇಳು,” ಎಂದ. “ಪತ್ರ ನಿಂದು ಅನ್ನು.”

“ನಾ ಯಾವಾಗ ಬರದೀನೋ?”

“ಸಹಿ ನಿಂದಲ್ಲೇನು?”

“ಅದನ್ನೂ ನೀನ ಮಾಡಿದ್ದಿ.”

“ಬಸಣ್ಣಾ, ನಿನಗೇನು ಹೋಗ್ತದೋ? ನಿನಗ ಎಲ್ಲಾ ಛಲೋ ಅನಸ್ತದ. ಆ ಮಾತು ನಿನ್ನ ಬಾಯಾಗ ಒಪ್ಪತದ. ನನ್ನ ಬಾಯಾಗ ಬಂದ್ರ ಹುಡುಗ್ರು ಗಾದಿ ಮ್ಯಾಲಿಂದ ಕೆಳಗ ಕೆಡವ್ತಾರ.”

ಬಸಣ್ಣ ನಕ್ಕ. “ಆತು ತಗೋ. ಚಾದರ ನಿಂದು, ಪತ್ರ ನಂದು.” ಪಾಲು ಮಾಡುವಾಗ ಎತ್ತನ್ನು ಅಣ್ಣನಿಗೆ ಬಿಟ್ಟು ಹಗ್ಗ ಇಟ್ಟುಕೊಂಡವನ ಹಾಗೆ ಹೇಳಿದ.

ಮುಂದಿನ ವಾರ ಅಕ್ಕಲಕೋಟದ ಒಂದು ಲಾಜಿನ ಮೇಲಂತಸ್ತಿನ ಹಾಲ್‌ನಲ್ಲಿ ಮಂಡಳಿಯವರು ಬಸಣ್ಣನ ಸತ್ಕಾರ ಇಟ್ಟುಕೊಂಡರು. ಸೋಲಾಪುರದ ಸೀಮೆಯಲ್ಲಿ ಸತ್ಕಾರವೆಂದರೆ ತೆಂಗಿನಕಾಯಿ, ತಲೆಗೆ ಸುತ್ತುವ ಫೇಟಾ, ಒಂದು ಚಾದರ. ಚಾದರ ಎಲ್ಲಿಂದ ತರಬೇಕು ಎಂಬ ಪ್ರಶ್ನೆಯೇ ಏಳಲಿಲ್ಲ. ಮಂಡಳಿಯಲ್ಲೇ ಅಂಗಡಿ ಇದೆಯಲ್ಲ. ಹೊದಿಸುವವನೂ ಹಿರಿಯನಾದ ಗುರುಸಿದ್ಧನೇ. ಅಂಗಡಿಯಲ್ಲಿ ಎರಡು ತಾಸು ಹುಡುಕಿ, ತೀರ ಒಳ್ಳೆಯದೂ ಅಲ್ಲದ, ಕಣ್ಣಿಗೆ ಬೀಳುವಷ್ಟು ಕಳಪೆಯೂ ಅಲ್ಲದ ಒಂದನ್ನು ಅವನು ಆರಿಸಿದ್ದ.

ಹೊದಿಸಿದ. ಚಪ್ಪಾಳೆಯಾಯಿತು. ಬಸಣ್ಣ ಎದ್ದು ನಿಂತು, ಮಾತು ಕೊಟ್ಟಂತೆ, “ಆ ಚಾದರ ಕಳಿಸಿದಾಂವ ನಾ ಅಲ್ರಿ. ನಮ್ಮ ಗುರುಸಿದ್ಧ. ಅಪ್ಪಗ ಹೆದರಿ ನನ್ನ ವಿಳಾಸ ಹಾಕಿದ್ದ. ಪತ್ರ ಅಷ್ಟ ನಂದು,” ಎಂದ. ತನ್ನ ಹೆಗಲ ಮೇಲಿನ ಚಾದರ ತೆಗೆದು ಗುರುಸಿದ್ಧನಿಗೇ ಹೊದಿಸಿದ. ಮತ್ತೆ ಚಪ್ಪಾಳೆ. ಎಲ್ಲರೂ ಬಂದು ಗುರುಸಿದ್ಧನ ಕೈ ಕುಲುಕಿದರು. ಅವನಿಗೆ ಬೇಕಾದದ್ದು ಸಿಕ್ಕಿತ್ತು. ಸುಖವಾಗಿರಬೇಕಿತ್ತು.

ಆಗ ಸ್ನೇಹಲ ಎದ್ದಳು. “ಚಾದರ ಭಾರೀ ಐತಿ ಖರೇ. ಆದ್ರ ಸೋಲಾಪುರದಾಗ ಚಾದರ ಯಾರ ಬೇಕಾದ್ರೂ ಕಳಸ್ತಾರ್ರಿ, ಅದೇನು ದೊಡ್ಡ ಮಾತಲ್ಲ. ಆ ಪತ್ರ ಐತಲ್ಲ, ಅಂಥಾದ್ದು ಬರಿಯಾಕ ಎದಿ ಬೇಕು. ಬಸಣ್ಣಕಾಕಾ, ನಿಮ್ಮ ಜೋಡಿ ಒಂದು ಸೆಲ್ಫಿ.”

ಹತ್ತೂ ಜನ ಬಸಣ್ಣನ ಸುತ್ತ ಮುತ್ತಿಕೊಂಡರು. ಗುರುಸಿದ್ಧ ತನ್ನದೇ ಅಂಗಡಿಯ ಮಧ್ಯಮ ದರ್ಜೆಯ ಚಾದರ ಹೊದ್ದು ಒಬ್ಬನೇ ನಿಂತ. ಹಾಲ್‌ನಲ್ಲಿ ಸೆಕೆ ಇತ್ತು. ಬಸಣ್ಣ ಮೊಬೈಲುಗಳ ನಡುವೆ ನಾಚುತ್ತ ನಗುತ್ತಿದ್ದ. ಅವನದಲ್ಲದ ಮಾತಿಗೆ ಅವನ ಮುಖ ಎಷ್ಟು ಚೆನ್ನಾಗಿ ಒಪ್ಪುತ್ತಿತ್ತು! ಎರಡು ದಿನ ಊಟ ಬಿಟ್ಟವನು ಯಾರು? ಡಿಕ್ಷನರಿ ಇಟ್ಟುಕೊಂಡು ‘ವಿಧೇಯ’ ಎಂಬುದಕ್ಕೆ ಇಂಗ್ಲಿಷ್ ಹುಡುಕಿದವನು ಯಾರು?

“ಪತ್ರಾನೂ ನಂದ!” ಎಂದು ಗುರುಸಿದ್ಧ ಕೂಗಿದ.

ಎಲ್ಲರೂ ತಿರುಗಿದರು. ಆಮೇಲೆ ಇಡೀ ಮಂಡಳಿ ಹೊಟ್ಟೆ ಹಿಡಿದು ನಕ್ಕಿತು.

“ಕಾಕಾ, ನೀವಾ?” ಎಂದಳು ಸ್ನೇಹಲ. “ಹೋದ ತಿಂಗಳ ನೀವ ಏನಂದ್ರಿ? ಆ ಕಂಪನಿ ಮನಿಗೆ ಬೆಂಕಿ ಬಿದ್ರ ನಾ ಚಹಾ ಕಾಸಕೊಂಡು ಕುಡೀತೀನಿ ಅಂದ್ರಿ.”

“ಅಂದೀನಿ. ಅದೂ ನಾನ, ಇದೂ ನಾನ. ಇಷ್ಟ ಇಲ್ಲದವರಿಗೆ ಯಾರಾರ ಹದಿನೈದು ವರ್ಷ ಕೂತು ಬೈತಾರೇನು? ಬ್ಯಾರೆ ಕೆಲಸ ಇರಲಿಲ್ಲೇನು ನನಗ?”

ನಗು ನಿಂತಿತು. ಬಸಣ್ಣ ಮೆಲ್ಲಗೆ, “ಖರೇ ಐತ್ರಿ. ಅಂವನ ಬರದಾನ,” ಎಂದ. ಸ್ನೇಹಲ ಹತ್ತಿರ ಬಂದು, “ಹಂಗಾರ ಕಾಕಾ, ಹೊಸಾ ಆಟ ಹ್ಯಾಂಗನಿಸ್ತು?” ಎಂದು ಕೇಳಿದಳು.

“ಆಡಿಲ್ಲ,” ಎಂದ ಗುರುಸಿದ್ಧ. ನಾಲ್ಕನೆಯದನ್ನೂ ಐದನೆಯದನ್ನೂ ಆಡಿಲ್ಲ ಎಂಬುದನ್ನು ಮಾತ್ರ ಅಲ್ಲಿ ಹೇಳಲಿಲ್ಲ. ಒಂದು ದಿನಕ್ಕೆ ಒಂದು ಸತ್ಯ ಸಾಕು.

ಸ್ನೇಹಲ ಸುಮ್ಮನಿರುವ ಹುಡುಗಿಯಲ್ಲ. ಇಡೀ ಕತೆಯನ್ನು ಕಂಪನಿಗೆ ಬರೆದಳು. ಈ ಸಲ ಉತ್ತರ ನಾಲ್ಕೇ ದಿನದಲ್ಲಿ ಬಂತು: ಗಡ್ಡದವನ ಕ್ಷಮೆ, ಮುಂದಿನ ಅಪ್‌ಡೇಟಿನಲ್ಲಿ ಕಂಬಳಿ ವ್ಯಾಪಾರಿಯ ಹೆಸರು ಗುರುಸಿದ್ಧ ಎಂದಾಗುತ್ತದೆ ಎಂಬ ಮಾತು. ಆಯಿತು ಕೂಡ. ಗುರುಸಿದ್ಧ ಅವತ್ತೇ ಮಗಳ ಲ್ಯಾಪ್‌ಟಾಪಿಗೆ ಆಟ ಹಾಕಿಸಿಕೊಂಡ. ಚಳಿಯಲ್ಲಿ ನಡುಗುತ್ತ ಎರಡನೆಯ ಊರಿಗೆ ನಡೆದು, ತನ್ನ ಹೆಸರು ತಲೆಯ ಮೇಲೆ ಹೊತ್ತ ಮೀಸೆಯ ಮನುಷ್ಯನಿಂದ ಕಂಬಳಿ ಇಸಿದುಕೊಂಡ. ಹೊರಗೆ ಹೋಗಿ ಮತ್ತೆ ಬಂದ. ಹದಿನಾಲ್ಕು ಸಲ. ಹದಿನೈದನೆಯ ಸಲಕ್ಕೆ ಶುಭಾಂಗಿ, “ಅಂವಗೂ ಬ್ಯಾಸರ ಬಂದಿರಬೇಕು, ಬಿಡ್ರಿ,” ಎಂದಳು. ಆಮೇಲೆ ಅವನು ಊರು ಬಿಟ್ಟು ಮುಂದೆ ಹೋದ. ಕಥೆ ನಿಜಕ್ಕೂ ಚೆನ್ನಾಗಿತ್ತು. ಕತ್ತೆ ಮರಳಿ ಬಂದಿತ್ತು.

ಆದರೆ ಲೋಕದ ಅಭಿಮಾನಿಗಳು ಒಪ್ಪಲಿಲ್ಲ. ಎರಡು ವಾರದಲ್ಲಿ ಕಂಪನಿಯ ಚರ್ಚಾತಾಣ ತುಂಬಿಹೋಯಿತು. ‘ನಮ್ಮ ಬಸಣ್ಣ ಎಲ್ಲಿ?’ ‘ಚೆನ್ನಾಗಿದ್ದ ಹೆಸರನ್ನು ಯಾಕೆ ಕೆಡಿಸಿದಿರಿ?’ ‘ಈ ಗುರುಸಿದ್ಧ ಯಾರು? ಉಚ್ಚಾರ ಮಾಡಲಿಕ್ಕೇ ಬರುವುದಿಲ್ಲ.’ ಬ್ರೆಜಿಲಿನ ಒಬ್ಬ ಹಳಬನಂತೂ, ನಾನು ಮೊದಲ ಆಟದಿಂದ ಆಡುತ್ತಿದ್ದೇನೆ, ಬಸಣ್ಣನ ಜೊತೆಗೆ ಈ ಕಂಪನಿಯ ಜೀವವೇ ಹೋಯಿತು, ಇನ್ನು ಇವರ ಕಡೆ ತಿರುಗಿ ನೋಡುವುದಿಲ್ಲ ಎಂದು ಒಂದು ಗಜ ಉದ್ದ ಬರೆದಿದ್ದ.

ಗುರುಸಿದ್ಧನ ನೆತ್ತಿ ಕಾಯಿತು. ಅಂಗಡಿಯಲ್ಲಿ ಗಿರಾಕಿ ನಿಂತಿರುವಾಗಲೇ ಬೆರಳು ಕುಟ್ಟಿ ಉತ್ತರ ಬರೆದ: ಕಂಪನಿ ಏನು ಮಾಡಿದರೂ ತಪ್ಪು ಹುಡುಕುವುದು ಕೆಲವರ ಚಟ. ತಿಳಿದವರು ಮಾಡಿದ ಮೇಲೆ ಅದಕ್ಕೊಂದು ಕಾರಣವಿರುತ್ತದೆ. ಹೊಸ ಹೆಸರು ಹಳೆಯದಕ್ಕಿಂತ ಗಂಭೀರವಾಗಿದೆ. ಇಷ್ಟಕ್ಕೂ ಮೊದಲು ಪೂರ್ತಿ ಆಡಿ ಆಮೇಲೆ ಅಭಿಪ್ರಾಯ ಹೇಳಿ. ಬ್ರೆಜಿಲಿನವನಿಗೂ ಮೇಲಿನವರಿಗೂ ಕೆಳಗಿನವರಿಗೂ ಅದನ್ನೇ ಅಂಟಿಸಿದ. ಸಂಜೆಯ ಹೊತ್ತಿಗೆ ಅವನ ಮಾತಿಗೆ ಹನ್ನೊಂದು ಜನ ಮೆಚ್ಚುಗೆ ಒತ್ತಿದ್ದರು. ಹತ್ತು ಮಂಡಳಿಯವರು, ಒಬ್ಬಳು ಶುಭಾಂಗಿ.

ಅದರ ಕೆಳಗೆ ಬಸಣ್ಣನೂ ಎರಡು ಸಾಲು ಬರೆದಿದ್ದ, ಯಾರ ಕೈಯಲ್ಲೋ ಇಂಗ್ಲಿಷ್ ಮಾಡಿಸಿ: ‘ಆ ಬಸಣ್ಣ ನಾನೇ. ಚಾದರ ಕಳಿಸಿದವನು ನನ್ನ ದೋಸ್ತ, ನಾನು ಬರೀ ದಾರ ಹಿಡಿದಿದ್ದೆ, ಅವನನ್ನು ಬೈಯಬೇಡಿ.’

ಅದಕ್ಕೆ ನಾಲ್ಕು ಸಾವಿರದ ಇನ್ನೂರು ಮೆಚ್ಚುಗೆ.

ಗುರುಸಿದ್ಧ ಮೊಬೈಲನ್ನು ಗಾದಿಯ ಮೇಲೆ ಬೋರಲು ಹಾಕಿ, ಎದುರು ಕಾಯುತ್ತ ನಿಂತಿದ್ದ ಇನ್ನೊಬ್ಬ ಗಿರಾಕಿಗೆ ಒಂದು ಚಾದರ ಬಿಚ್ಚಿ ತೋರಿಸಿದ, ಇನ್ನೊಂದು ಬಿಚ್ಚಿದ, ಬಣ್ಣ ಹೋಗುವುದಿಲ್ಲ ಎಂದು ಆಣೆ ಮಾಡಿದ. ಆಮೇಲೆ ಮೊಬೈಲ್ ಎತ್ತಿ ನೋಡಿದ.

ನಾಲ್ಕು ಸಾವಿರದ ಮುನ್ನೂರು.